ಶೇಷದಿಂದ ಸಮೀಕರಣಕ್ಕೆ: ಪ್ರೌಢಶಾಲೆಯ ಗಣಿತಕ್ಕೊಂದು ದಾರಿ

ಹುಬ್ಬಳ್ಳಿಯ ಯಾವುದಾದರೂ ದೊಡ್ಡ ರಸ್ತೆಯ ಅಂಚಿಗೆ ಹತ್ತು ನಿಮಿಷ ನಿಂತರೆ ಕೆಎ 25, ಕೆಎ 26, ಕೆಎ 27, ಕೆಎ 63 ಎಂಬ ನಾಲ್ಕೂ ಬಗೆಯ ನಂಬರ್ ಪ್ಲೇಟುಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಧಾರವಾಡದ್ದು, ಎರಡನೆಯದು ಗದಗಿನದು, ಮೂರನೆಯದು ಹಾವೇರಿಯದು, ಕೊನೆಯದು ಹುಬ್ಬಳ್ಳಿಯದೇ. ಈ ಸಂಖ್ಯೆಗಳನ್ನು ಒಡೆದು ನೋಡಿ. 25 ಎಂಬುದು 5ರ ವರ್ಗ, 27 ಎಂಬುದು 3ರ ಘನ, ಅವೆರಡರ ನಡುವೆ ಕುಳಿತಿರುವುದು ಗದಗಿನ 26. ಒಂದು ಮಗ್ಗುಲಿಗೆ ಪೂರ್ಣ ವರ್ಗ, ಇನ್ನೊಂದು ಮಗ್ಗುಲಿಗೆ ಪೂರ್ಣ ಘನ ಇರುವ ಧನ ಪೂರ್ಣಾಂಕ ಇದೊಂದೇ ಎಂಬುದನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ್ದಾನೆ. ಅದರ ಸಾಧನೆ ಪ್ರೌಢಶಾಲೆಯ ಗಣಿತವನ್ನು ಮೀರಿದ್ದು. ಆದರೆ ‘ಇದೊಂದೇ ಯಾಕೆ, ಮುಂದೆ ಎಲ್ಲಿಯೂ ಇನ್ನೊಂದು ಯಾಕೆ ಸಿಗುವುದಿಲ್ಲ’ ಎಂದು ಕೇಳಿಕೊಳ್ಳಲು ಎಂಟನೆಯ ತರಗತಿಯ ಗಣಿತವೇ ಸಾಕು. ಸಂಖ್ಯೆಯ ಒಳಗೆ ಏನಿದೆ ಎಂದು ನೋಡುವುದು ಸಂಖ್ಯಾಸಿದ್ಧಾಂತ. ಕಂಡದ್ದು ಎಲ್ಲ ಸಂಖ್ಯೆಗಳಿಗೂ ನಿಜವೇ ಎಂದು ಒಂದೇ ಸಾಲಿನಲ್ಲಿ ಹೇಳಲು ಬೇಕಾಗುವ ಭಾಷೆ ಬೀಜಗಣಿತ.

ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಗದಗ ಜಿಲ್ಲೆಯಲ್ಲಿ ಬಹಳ ವರ್ಷ ಈ ವಿಷಯವನ್ನು ಕಲಿಸಿದ ನನಗೆ ಒಂದು ಮಾತು ಖಚಿತವಾಗಿದೆ: ಬೀಜಗಣಿತಕ್ಕೆ ಹೆದರುವ ಮಕ್ಕಳಲ್ಲಿ ಹೆಚ್ಚಿನವರು ನಿಜವಾಗಿ ಎಡವಿರುವುದು ಅಕ್ಷರಗಳಲ್ಲಿ ಅಲ್ಲ, ಅದಕ್ಕೂ ಮೊದಲು ಕಲಿತ ಭಾಗಾಕಾರದಲ್ಲಿ. ಆದ್ದರಿಂದ ಈ ದಾರಿ ಶೇಷದಿಂದ ಆರಂಭವಾಗುತ್ತದೆ, ಮತ್ತು ಅಕ್ಷರ ಅನಿವಾರ್ಯವಾದ ಜಾಗದಲ್ಲಿ ಮಾತ್ರ ಅಕ್ಷರವನ್ನು ತರುತ್ತದೆ. ನೋಟ್‌ಬುಕ್ಕು, ಪೆನ್ನು ಹತ್ತಿರ ಇಟ್ಟುಕೊಂಡು, ಪ್ರತಿಯೊಂದು ಲೆಕ್ಕವನ್ನೂ ನಿಮ್ಮ ಕೈಯಿಂದ ಒಮ್ಮೆ ಬರೆದು ನೋಡಿಕೊಂಡೇ ಮುಂದಕ್ಕೆ ಹೋಗಿ.

ಮೊದಲ ಹೆಜ್ಜೆ: ಶೇಷವನ್ನು ಉಳಿಸಿಕೊಳ್ಳಿ

ಒಂದು ಡಬ್ಬಿಗೆ 12ರಂತೆ 100 ಧಾರವಾಡ ಪೇಡೆಗಳನ್ನು ತುಂಬಿದರೆ ಎಂಟು ಡಬ್ಬಿಗಳು ತುಂಬಿ ನಾಲ್ಕು ಪೇಡೆಗಳು ಉಳಿಯುತ್ತವೆ. ಕ್ಯಾಲ್ಕ್ಯುಲೇಟರಿಗೆ ಇದೇ ಲೆಕ್ಕ ಕೊಟ್ಟರೆ ಅದು 8.333 ಎಂದು ತೋರಿಸುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಉಳಿದ ನಾಲ್ಕು ಪೇಡೆಗಳು ಅದರಲ್ಲಿ ಕಾಣುವುದಿಲ್ಲ. ಸಂಖ್ಯಾಸಿದ್ಧಾಂತಕ್ಕೆ ಬೇಕಾದದ್ದು ಆ ನಾಲ್ಕೇ. ಆದ್ದರಿಂದ ಭಾಗಾಕಾರವನ್ನು ಹೀಗೆ ಬರೆಯುವ ರೂಢಿ ಮಾಡಿಕೊಳ್ಳಿ:

100 = 12 × 8 + 4

ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂಬ ನಾಲ್ಕೂ ಈ ಒಂದು ಸಾಲಿನಲ್ಲಿವೆ. ಇಲ್ಲಿ ಮರೆಯಬಾರದ ನಿಯಮ ಒಂದೇ: ಶೇಷವು ಸೊನ್ನೆಯಾಗಿರಬಹುದು, ಆದರೆ ಭಾಜಕಕ್ಕಿಂತ ಯಾವಾಗಲೂ ಕಡಿಮೆ ಇರಬೇಕು. 100 = 12 × 7 + 16 ಎಂದು ಬರೆದರೆ ಎರಡೂ ಬದಿ ಸಮವೇ ಆಗುತ್ತವೆ. ಆದರೂ ಉಳಿದ 16ರಲ್ಲಿ ಇನ್ನೊಂದು ಡಬ್ಬಿ ತುಂಬಬಹುದಾದ್ದರಿಂದ ಭಾಗಾಕಾರ ಅಲ್ಲಿಗೆ ಮುಗಿದಿಲ್ಲ. ಈ ನಿಯಮ ಇರುವುದರಿಂದಲೇ ಒಂದು ಸಂಖ್ಯೆಯನ್ನು 12ರಿಂದ ಭಾಗಿಸಿದಾಗ 0ಯಿಂದ 11ರವರೆಗಿನ ಹನ್ನೆರಡು ಶೇಷಗಳಲ್ಲಿ ಒಂದು, ಮತ್ತು ಒಂದೇ ಒಂದು, ಬರುತ್ತದೆ.

ಶೇಷದ ಶಕ್ತಿ ತಿಳಿಯಲು ಕ್ಯಾಲೆಂಡರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಏಕೀಕೃತ ರಾಜ್ಯ ಉದಯವಾದದ್ದು 1956ರ ನವೆಂಬರ್ 1ರಂದು, ಅದು ಗುರುವಾರ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ದಿನ ಯಾವ ವಾರ ಎಂದು ತಿಳಿಯಲು ಹಳೆಯ ಪಂಚಾಂಗ ಹುಡುಕಬೇಕಾಗಿಲ್ಲ. ನಡುವೆ 17 ವರ್ಷಗಳಿವೆ, ಅವುಗಳಲ್ಲಿ 1960, 1964, 1968, 1972 ಎಂಬ ನಾಲ್ಕು ಅಧಿಕ ವರ್ಷಗಳು ಬರುತ್ತವೆ. ಹಾಗಾಗಿ ಒಟ್ಟು ದಿನಗಳು 17 × 365 + 4 = 6209. ಇದನ್ನು 7ರಿಂದ ಭಾಗಿಸಿದರೆ 6209 = 7 × 887 + 0. ಶೇಷ ಸೊನ್ನೆಯಾದ್ದರಿಂದ ವಾರ ಬದಲಾಗಿಲ್ಲ, ಅದೂ ಗುರುವಾರವೇ.

ಈ ಲೆಕ್ಕವನ್ನು ಇನ್ನೂ ಸುಲಭ ಮಾಡಬಹುದು. 365ನ್ನು 7ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ, ಅಂದರೆ ಸಾಮಾನ್ಯ ವರ್ಷವೊಂದು ವಾರವನ್ನು ಒಂದು ದಿನ ಮುಂದಕ್ಕೆ ತಳ್ಳುತ್ತದೆ. ನಡುವೆ ಬರುವ ಪ್ರತಿಯೊಂದು ಫೆಬ್ರವರಿ 29 ಇನ್ನೊಂದು ದಿನವನ್ನು ಸೇರಿಸುತ್ತದೆ. 17ಕ್ಕೆ 4 ಕೂಡಿಸಿದರೆ 21, ಅದನ್ನು 7 ಶೇಷವಿಲ್ಲದೆ ಭಾಗಿಸುತ್ತದೆ. 6209 ಎಂಬ ದೊಡ್ಡ ಸಂಖ್ಯೆಯನ್ನು ಮುಟ್ಟದೆಯೇ ಉತ್ತರ ಬಂದಿತು. ದೊಡ್ಡ ಸಂಖ್ಯೆಗಳನ್ನು ಕೂಡಿಸುವ, ಗುಣಿಸುವ ಬದಲು ಅವುಗಳ ಶೇಷಗಳನ್ನೇ ಕೂಡಿಸಬಹುದು, ಗುಣಿಸಬಹುದು ಎಂಬ ಈ ಸಂಗತಿ ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಕೆಲಸಕ್ಕೆ ಬರುತ್ತದೆ.

ಎರಡನೆಯ ಹೆಜ್ಜೆ: ಸಂಖ್ಯೆಯನ್ನು ಒಡೆಯುವುದು

ಶೇಷ ಸೊನ್ನೆ ಬಂದಾಗ ಭಾಜಕವು ಆ ಸಂಖ್ಯೆಯ ಅಪವರ್ತನವಾಗುತ್ತದೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಅಪವರ್ತನವಿಲ್ಲದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. ನಮ್ಮ ನಾಲ್ಕು ನಂಬರುಗಳು ಹೀಗೆ ಒಡೆಯುತ್ತವೆ: 25 = 5 × 5, 26 = 2 × 13, 27 = 3 × 3 × 3, 63 = 3 × 3 × 7. ಯಾವ ದಾರಿಯಿಂದ ಒಡೆದರೂ ಕೊನೆಗೆ ಉಳಿಯುವ ಅವಿಭಾಜ್ಯಗಳು ಅವೇ ಆಗಿರುತ್ತವೆ, ಹಿಂದೆ ಮುಂದೆ ಆಗಬಹುದು ಅಷ್ಟೇ. ಇದಕ್ಕೆ ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಹೆಸರು. 1ನ್ನು ಅವಿಭಾಜ್ಯವೆಂದು ಕರೆಯದಿರುವುದಕ್ಕೂ ಕಾರಣ ಇದೇ. 1ನ್ನು ಸೇರಿಸಿಕೊಂಡರೆ 26 = 1 × 2 × 13 ಎಂದೂ, 1 × 1 × 2 × 13 ಎಂದೂ ಬೇಕಾದಷ್ಟು ಬಗೆಯಲ್ಲಿ ಬರೆಯಬಹುದಾಗಿ, ‘ಒಂದೇ ಬಗೆ’ ಎಂಬ ಮಾತೇ ಬಿದ್ದುಹೋಗುತ್ತದೆ.

ದೊಡ್ಡ ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಹೇಗೆ? ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದವಾದದ್ದು, 2023ರಲ್ಲಿ ಉದ್ಘಾಟನೆಯಾಯಿತು, ಅದರ ಉದ್ದ 1507 ಮೀಟರ್. ಈ 1507ನ್ನೇ ತೆಗೆದುಕೊಳ್ಳೋಣ. ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕಾಗಿಲ್ಲ. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವೆರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಒಂದಾದರೂ ವರ್ಗಮೂಲಕ್ಕೆ ಸಮ ಅಥವಾ ಅದಕ್ಕಿಂತ ಚಿಕ್ಕದಾಗಿರಲೇಬೇಕು. 39ರ ವರ್ಗ 1521, ಅದು 1507ನ್ನು ಮೀರಿತು. ಹಾಗಾಗಿ 37ರವರೆಗಿನ ಅವಿಭಾಜ್ಯಗಳನ್ನು ಮಾತ್ರ ಪ್ರಯತ್ನಿಸಿದರೆ ಸಾಕು. ಕೊನೆಯ ಅಂಕ 7 ಆದ್ದರಿಂದ 2, 5 ಹೋಗುವುದಿಲ್ಲ. ಅಂಕಗಳ ಮೊತ್ತ 13 ಆದ್ದರಿಂದ 3 ಹೋಗುವುದಿಲ್ಲ. 7ರಿಂದ ಭಾಗಿಸಿದರೆ ಶೇಷ 2. ಇನ್ನು 11ಕ್ಕೆ ಅಂಕಗಳನ್ನು ಒಂದನ್ನು ಕಳೆದು ಒಂದನ್ನು ಕೂಡಿಸುತ್ತ ಹೋಗಬೇಕು: 7 − 0 + 5 − 1 = 11. ಹೋಯಿತು. 1507 = 11 × 137. ಈಗ 137ರ ಸರದಿ. 12ರ ವರ್ಗ 144 ಆದ್ದರಿಂದ 2, 3, 5, 7, 11 ನೋಡಿದರೆ ಮುಗಿಯಿತು, ಯಾವುದೂ ಭಾಗಿಸುವುದಿಲ್ಲ, ಅದು ಅವಿಭಾಜ್ಯ. ಅಂದರೆ ಆ ಪ್ಲಾಟ್‌ಫಾರ್ಮನ್ನು ಪೂರ್ಣ ಮೀಟರುಗಳ ಸಮಭಾಗ ಮಾಡಬೇಕೆಂದರೆ 137 ಮೀಟರಿನ 11 ಭಾಗ, ಇಲ್ಲವೇ 11 ಮೀಟರಿನ 137 ಭಾಗ ಮಾಡಬೇಕು. ಒಂದೊಂದೇ ಮೀಟರಿಗೆ ಕತ್ತರಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

51, 57, 87, 91, 119 ಇವು ಅವಿಭಾಜ್ಯದಂತೆ ಕಾಣುವ ಸಂಯುಕ್ತ ಸಂಖ್ಯೆಗಳು. ಪರೀಕ್ಷೆಯಲ್ಲಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಐದನ್ನೂ ಈಗಲೇ ಒಡೆದು ಬರೆದಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಮ.ಸಾ.ಅ. ಮತ್ತು ಲ.ಸಾ.ಅ.

ಇಲ್ಲಿ ಮೊದಲ ತೊಡಕು ಹೆಸರಿನಲ್ಲಿಯೇ ಇದೆ. ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂಬ ಎರಡು ಹೆಸರುಗಳ ಕೊನೆಯ ಪದಗಳಲ್ಲಿ ಒಂದಕ್ಷರದ ವ್ಯತ್ಯಾಸವಷ್ಟೇ ಇದ್ದು, ಹ್ರಸ್ವರೂಪದಲ್ಲಿ ಅದೂ ಮಾಯವಾಗುತ್ತದೆ. 12ರ ಅಪವರ್ತನ 4, 12ರ ಅಪವರ್ತ್ಯ 36. ಅಪವರ್ತನವು ಸಂಖ್ಯೆಯ ಒಳಗಿರುತ್ತದೆ, ಅಪವರ್ತ್ಯವು ಸಂಖ್ಯೆಯಿಂದ ಬೆಳೆಯುತ್ತದೆ. ಹೀಗಾಗಿ ಮ.ಸಾ.ಅ. ಕೊಟ್ಟ ಸಂಖ್ಯೆಗಳಲ್ಲಿ ಚಿಕ್ಕದನ್ನು ಮೀರುವುದಿಲ್ಲ, ಲ.ಸಾ.ಅ. ದೊಡ್ಡದಕ್ಕಿಂತ ಕಡಿಮೆಯಾಗುವುದಿಲ್ಲ. ಉತ್ತರ ಬರೆದ ಮೇಲೆ ಇಷ್ಟು ನೋಡಿಕೊಂಡರೂ ಅರ್ಧ ತಪ್ಪುಗಳು ಸಿಕ್ಕಿಬೀಳುತ್ತವೆ.

ಲ.ಸಾ.ಅ. ಎಂದರೇನು ಎಂಬುದನ್ನು ನಾನು ಸರಿಯಾಗಿ ಕಂಡದ್ದು ಕಸೂತಿಯಲ್ಲಿ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ. ಗವಂತಿಯಾಗಲಿ, ಮುರಗಿಯಾಗಲಿ, ನೇಗಿಯಾಗಲಿ, ಮೆಂತೆಯಾಗಲಿ, ಯಾವ ಹೊಲಿಗೆಯನ್ನಾದರೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಸೆರಗಿನ ಮೇಲಿನ ಸಾಲಿನಲ್ಲಿ 36 ಎಳೆಗೊಂದು ಗೋಪುರ, ಅದರ ಕೆಳಗಿನ ಸಾಲಿನಲ್ಲಿ 48 ಎಳೆಗೊಂದು ಆನೆ ಬರುವಂತೆ ಎಣಿಕೆ ಹಿಡಿದಿದ್ದಾರೆ ಎಂದುಕೊಳ್ಳಿ. ಎರಡೂ ಒಂದೇ ಎಳೆಯಿಂದ ಆರಂಭವಾದರೆ ಮತ್ತೆ ಎಷ್ಟು ಎಳೆಗಳಾದ ಮೇಲೆ ಒಟ್ಟಿಗೆ ಆರಂಭವಾಗುತ್ತವೆ? 36 = 2² × 3², 48 = 2⁴ × 3. ಪ್ರತಿಯೊಂದು ಅವಿಭಾಜ್ಯದ ದೊಡ್ಡ ಘಾತವನ್ನು ತೆಗೆದುಕೊಂಡರೆ 2⁴ × 3² = 144. ನಾಲ್ಕು ಗೋಪುರ, ಮೂರು ಆನೆ ಆದ ಮೇಲೆ ಎರಡೂ ಸಾಲು ಮತ್ತೆ ಕೂಡುತ್ತವೆ. ನನ್ನ ತರಗತಿಯಲ್ಲಿ ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮಾಡಿದವಳು ಸೂತ್ರ ಬಲ್ಲವಳಲ್ಲ, ಅಜ್ಜಿಯ ಪಕ್ಕ ಕುಳಿತು ಕಸೂತಿ ಕಲಿತ ಹುಡುಗಿ. ಅವಳು 36, 72, 108, 144 ಎಂದು ಒಂದು ಕೈಯಲ್ಲಿ, 48, 96, 144 ಎಂದು ಇನ್ನೊಂದು ಕೈಯಲ್ಲಿ ಎಣಿಸಿದ್ದಳು. ಆ ಎಣಿಕೆಯೇ ಲ.ಸಾ.ಅ.ದ ಅರ್ಥ. ಘಾತಗಳ ವಿಧಾನ ಅದನ್ನು ಬೇಗ ಮುಗಿಸುವ ಉಪಾಯ.

ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳಿಗೆ ಇದೇ ಸಂಖ್ಯೆಯನ್ನು ತೆಗೆದುಕೊಳ್ಳುವ ಕ್ರಮವನ್ನು ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ‘ನಿರುದ್ಧ’ ಎಂಬ ಹೆಸರಿನಿಂದ ಹೇಳಿದ್ದಾನೆ. ಆತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ಈ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ.

ಮ.ಸಾ.ಅ. ಕಂಡುಹಿಡಿಯುವಾಗ ಒಡೆಯುವ ವಿಧಾನ ಯಾವಾಗಲೂ ಸುಲಭವಲ್ಲ. 437 ಸೆಂಟಿಮೀಟರ್ ಉದ್ದ, 323 ಸೆಂಟಿಮೀಟರ್ ಅಗಲದ ಕೋಣೆಗೆ, ಒಂದನ್ನೂ ಕತ್ತರಿಸದೆ, ಸಾಧ್ಯವಾದಷ್ಟು ದೊಡ್ಡ ಚೌಕಾಕಾರದ ಫರಸಿಗಳನ್ನು ಹಾಸಬೇಕಾಗಿದೆ. 437ರ ಅಪವರ್ತನಗಳು ಸುಲಭವಾಗಿ ಹೊಳೆಯುವುದಿಲ್ಲ. ಇಲ್ಲಿ ಯೂಕ್ಲಿಡನ ವಿಧಾನ ಬಳಸಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಭಾಜಕವನ್ನು ಶೇಷದಿಂದ ಭಾಗಿಸುತ್ತ ಹೋಗಿ:

437 = 323 × 1 + 114
323 = 114 × 2 + 95
114 = 95 × 1 + 19
95 = 19 × 5 + 0

ಸೊನ್ನೆಗೆ ಹಿಂದಿನ ಶೇಷ 19. ಅದೇ ಮ.ಸಾ.ಅ. ಫರಸಿಯ ಬದಿ 19 ಸೆಂಟಿಮೀಟರ್, ಉದ್ದಕ್ಕೆ 23, ಅಗಲಕ್ಕೆ 17, ಒಟ್ಟು 391 ಫರಸಿ. ಇದು ಯಾಕೆ ಸರಿ ಎಂಬುದನ್ನು ತಿಳಿಯದೆ ಮುಂದೆ ಹೋಗಬೇಡಿ. 437 ಮತ್ತು 323 ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವಾದ 114ನ್ನೂ ಭಾಗಿಸಲೇಬೇಕು. ಹಾಗೆಯೇ 323 ಮತ್ತು 114ನ್ನು ಭಾಗಿಸುವುದು 437ನ್ನೂ ಭಾಗಿಸುತ್ತದೆ. ಆದ್ದರಿಂದ ಜೋಡಿ ಚಿಕ್ಕದಾಗುತ್ತ ಹೋದರೂ ಅವುಗಳ ಸಾಮಾನ್ಯ ಅಪವರ್ತನಗಳು ಬದಲಾಗುವುದಿಲ್ಲ. ಕ್ರಿಸ್ತಪೂರ್ವ 300ರ ಆಸುಪಾಸಿನ ಈ ವಿಧಾನವನ್ನು ಕಂಪ್ಯೂಟರುಗಳು ಇಂದಿಗೂ ಬಳಸುತ್ತವೆ.

ಒಂದು ಎಚ್ಚರಿಕೆ. ಎರಡು ಸಂಖ್ಯೆಗಳಿಗೆ ಮ.ಸಾ.ಅ. × ಲ.ಸಾ.ಅ. ಅವುಗಳ ಗುಣಲಬ್ಧಕ್ಕೆ ಸಮ. ಮೂರು ಸಂಖ್ಯೆಗಳಿಗೆ ಇದು ಸಾಮಾನ್ಯವಾಗಿ ನಿಲ್ಲುವುದಿಲ್ಲ. 2, 4, 6 ತೆಗೆದುಕೊಂಡರೆ ಮ.ಸಾ.ಅ. 2, ಲ.ಸಾ.ಅ. 12, ಅವುಗಳ ಗುಣಲಬ್ಧ 24. ಮೂರೂ ಸಂಖ್ಯೆಗಳ ಗುಣಲಬ್ಧವಾದರೋ 48.

ನಾಲ್ಕನೆಯ ಹೆಜ್ಜೆ: ಅಕ್ಷರ ಬೇಕಾಗುವ ಜಾಗ

ಎರಡು ಬೆಸ ಸಂಖ್ಯೆಗಳನ್ನು ಕೂಡಿಸಿದರೆ ಸಮ ಸಂಖ್ಯೆ ಬರುತ್ತದೆ. 25 + 27 = 52, 27 + 63 = 90. ಹೀಗೆ ನೂರು ಉದಾಹರಣೆ ಕೊಟ್ಟರೂ ಅದು ಸಾಧನೆಯಾಗುವುದಿಲ್ಲ. ಯಾಕೆಂದು ತಿಳಿಯಲು ನ² + ನ + 41 ಎಂಬ ಬೀಜೋಕ್ತಿಯನ್ನು ನೋಡಿ. ‘ನ’ದ ಜಾಗದಲ್ಲಿ 0, 1, 2, 3 ಎಂದು ಹಾಕುತ್ತ ಹೋದರೆ 41, 43, 47, 53 ಎಂದು ಅವಿಭಾಜ್ಯಗಳೇ ಬರುತ್ತವೆ. 39ರವರೆಗೂ, ಅಂದರೆ ನಲವತ್ತು ಸಲ, ಹಾಗೆಯೇ ಬರುತ್ತವೆ. ನಲವತ್ತೊಂದನೆಯ ಸಲ, ನ = 40 ಆದಾಗ, ಬರುವುದು 1681. ಅದು 41 × 41. ನಲವತ್ತು ಸಾಕ್ಷಿಗಳಿದ್ದರೂ ಹೇಳಿಕೆ ಸುಳ್ಳಾಯಿತು.

ಆದ್ದರಿಂದಲೇ ಅಕ್ಷರ ಬೇಕು. ‘ಯಾವುದೇ ಸಂಖ್ಯೆ’ ಎಂದು ಹೇಳಬೇಕಾದ ಕಡೆ ನಾವು ಒಂದು ಅಕ್ಷರವನ್ನು ಇಡುತ್ತೇವೆ. ಬೆಸ ಸಂಖ್ಯೆಯೆಂದರೆ 2ರಿಂದ ಭಾಗಿಸಿದಾಗ ಶೇಷ 1 ಬರುವುದು. ಮೊದಲ ಹೆಜ್ಜೆಯ ಸಾಲನ್ನೇ ಬರೆದರೆ ಅದು 2ನ + 1. ಇನ್ನೊಂದು ಬೆಸ ಸಂಖ್ಯೆಗೆ ಬೇರೆ ಅಕ್ಷರ ಬೇಕು, 2ಮ + 1. ಎರಡಕ್ಕೂ ‘ನ’ವನ್ನೇ ಬಳಸಿದರೆ ಎರಡೂ ಒಂದೇ ಸಂಖ್ಯೆ ಎಂದಾಗಿಬಿಡುತ್ತದೆ. ಇದು ಬಹಳ ಮಂದಿ ಮಾಡುವ ತಪ್ಪು. ಮೊತ್ತ 2ನ + 2ಮ + 2 = 2(ನ + ಮ + 1). ಇದು 2ರ ಅಪವರ್ತ್ಯ. ಇಲ್ಲಿಗೆ ಎಲ್ಲ ಬೆಸ ಸಂಖ್ಯೆಗಳಿಗೂ ಒಂದೇ ಸಲಕ್ಕೆ ಸಾಧಿಸಿದಂತಾಯಿತು.

ಇದಕ್ಕಿಂತ ಸುಂದರವಾದದ್ದೊಂದನ್ನು ನೋಡೋಣ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ ಯಾವಾಗಲೂ 1 ಬರುತ್ತದೆ: 25 = 8 × 3 + 1, 49 = 8 × 6 + 1, 81 = 8 × 10 + 1. ಕಾರಣ ಹೀಗಿದೆ. (2ನ + 1)² = 4ನ² + 4ನ + 1 = 4ನ(ನ + 1) + 1. ಇದರಲ್ಲಿ ನ ಮತ್ತು ನ + 1 ಅನುಕ್ರಮ ಸಂಖ್ಯೆಗಳು, ಅವುಗಳಲ್ಲೊಂದು ಸಮ ಇರಲೇಬೇಕು. ಆದ್ದರಿಂದ 4ರ ಜೊತೆ ಇನ್ನೊಂದು 2 ಸೇರಿ ಮೊದಲ ಪದ 8ರ ಅಪವರ್ತ್ಯವಾಗುತ್ತದೆ, ಉಳಿಯುವುದು 1. ಸೂತ್ರವನ್ನು ಬಿಡಿಸಿದ್ದು ಬೀಜಗಣಿತ, ‘ಒಂದು ಸಮ ಇರಲೇಬೇಕು’ ಎಂದದ್ದು ಸಂಖ್ಯಾಸಿದ್ಧಾಂತ. ಒಂದು ಇಲ್ಲದಿದ್ದರೆ ಇನ್ನೊಂದು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ಚಿಕ್ಕಂದಿನಲ್ಲಿ ಕಾರಣ ಕೇಳದೆ ಕಲಿತ 9ರ ನಿಯಮವೂ ಹೀಗೆಯೇ ತೆರೆದುಕೊಳ್ಳುತ್ತದೆ. ಅ, ಬ, ಕ ಎಂಬ ಅಂಕಗಳುಳ್ಳ ಮೂರಂಕಿಯ ಸಂಖ್ಯೆ 100ಅ + 10ಬ + ಕ. ಇದನ್ನು (99ಅ + 9ಬ) + (ಅ + ಬ + ಕ) ಎಂದು ಬರೆಯಿರಿ. ಮೊದಲ ಆವರಣವನ್ನು 9 ಭಾಗಿಸುತ್ತದೆ. ಹಾಗಾಗಿ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷವೂ, ಅಂಕಗಳ ಮೊತ್ತವನ್ನು ಭಾಗಿಸಿದಾಗ ಬರುವ ಶೇಷವೂ ಒಂದೇ. ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಕಳೆದರೆ (10ಅ + ಬ) − (10ಬ + ಅ) = 9(ಅ − ಬ). ಹುಬ್ಬಳ್ಳಿಯ 63ನ್ನು ತಿರುಗಿಸಿ ಕಳೆದು ನೋಡಿ: 63 − 36 = 27, ಹಾವೇರಿಯ ನಂಬರು.

ಐದನೆಯ ಹೆಜ್ಜೆ: ನಿತ್ಯಸಮೀಕರಣಗಳಿಂದ ಕೆಲಸ ತೆಗೆಯುವುದು

(ಅ + ಬ)² ಎಂಬುದನ್ನು ಅ² + ಬ² ಎಂದು ಬರೆಯುವ ತಪ್ಪು ಹತ್ತನೆಯ ತರಗತಿಯವರೆಗೂ ಬೆನ್ನು ಬಿಡುವುದಿಲ್ಲ. ಅನುಮಾನ ಬಂದಾಗ ಸಂಖ್ಯೆ ಹಾಕಿ ನೋಡಿ: (10 + 3)² = 169, ಆದರೆ 100 + 9 = 109. ತಪ್ಪಿಹೋದ 60 ಎಂಬುದೇ 2 × 10 × 3, ಅಂದರೆ 2ಅಬ.

ನಿತ್ಯಸಮೀಕರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅ² − ಬ² = (ಅ + ಬ)(ಅ − ಬ). ಇದನ್ನು ಬಿಡಿಸುವುದಕ್ಕಷ್ಟೇ ಅಲ್ಲ, ಸಂಖ್ಯೆಗಳನ್ನು ಒಡೆಯುವುದಕ್ಕೂ ಬಳಸಿ. ಫರಸಿಯ ಲೆಕ್ಕದಲ್ಲಿ 437 ಸುಲಭವಾಗಿ ಒಡೆಯುವುದಿಲ್ಲ ಎಂದಿದ್ದೆ. ಈಗ ಅದರ ಹತ್ತಿರದ ದೊಡ್ಡ ವರ್ಗವನ್ನು ನೋಡಿ: 441 − 4 = 21² − 2² = 23 × 19. ಹಾಗೆಯೇ 323 = 324 − 1 = 18² − 1² = 19 × 17. ಫರಸಿಗಳ ಸಂಖ್ಯೆಯಾದ 391 ಕೂಡ 400 − 9 = 20² − 3² = 23 × 17. ಕೊಟ್ಟ ಬೆಸ ಸಂಖ್ಯೆಗೆ ಎಷ್ಟನ್ನು ಕೂಡಿಸಿದರೆ ಪೂರ್ಣ ವರ್ಗವಾಗುತ್ತದೆ, ಕೂಡಿಸಿದ್ದೂ ಪೂರ್ಣ ವರ್ಗವೇ ಎಂದು ನೋಡುತ್ತ ಹೋಗುವ ಈ ವಿಧಾನವೂ ಫರ್ಮಾನದೇ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಇದು ಬೇಗ ಫಲ ಕೊಡುತ್ತದೆ, ದೂರವಿದ್ದಾಗ ತಡವಾಗುತ್ತದೆ. ಪ್ಲಾಟ್‌ಫಾರ್ಮಿನ 1507ಕ್ಕೆ 11 ಮತ್ತು 137 ದೂರ ದೂರ ಇರುವುದರಿಂದ ಅದು ಸಿಗುವುದು 74² − 63² ಎಂಬಲ್ಲಿ. ಅಲ್ಲಿಯೂ ಹುಬ್ಬಳ್ಳಿಯ 63 ಬಂದಿರುವುದು ಆಕಸ್ಮಿಕವೇ, ಆದರೂ ಮೊದಲ ಸಲ ಕಂಡಾಗ ನನಗೆ ಬಹಳ ಸಂತೋಷವಾಗಿತ್ತು.

ಆರನೆಯ ಹೆಜ್ಜೆ: ಸಮೀಕರಣ

ಇಲ್ಲಿಯವರೆಗೆ ಅಕ್ಷರದ ಅರ್ಥ ‘ಯಾವುದೇ ಸಂಖ್ಯೆ’ ಎಂದಿತ್ತು. ಸಮೀಕರಣದಲ್ಲಿ ಅದು ‘ನಮಗೆ ಇನ್ನೂ ತಿಳಿಯದ ಆ ಒಂದು ಸಂಖ್ಯೆ’ ಆಗುತ್ತದೆ. ಈ ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳದಿರುವುದೇ ಅರ್ಧ ಗೊಂದಲಕ್ಕೆ ಕಾರಣ. ಪಠ್ಯಪುಸ್ತಕಗಳು ಇದಕ್ಕೆ ರೋಮನ್ ಅಕ್ಷರ ಬಳಸುತ್ತವೆ. ನಮ್ಮ ಹಳೆಯ ಗಣಿತಜ್ಞರು ಮೊದಲ ಅವ್ಯಕ್ತಕ್ಕೆ ಯಾವತ್ತಾವತ್ ಎಂದೂ, ಮುಂದಿನವುಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರನ್ನೂ ಇಟ್ಟು, ಮೊದಲ ಅಕ್ಷರಗಳನ್ನು ಬರೆಯುತ್ತಿದ್ದರು. ಇಲ್ಲಿ ನಾನೂ ಯಾ, ಕಾ ಎಂದೇ ಬರೆಯುತ್ತೇನೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಒಬ್ಬ ರೈತರು ಡಬ್ಬಿ ಮತ್ತು ಕಡ್ಡಿ ತಳಿಯ ಮೆಣಸಿನಕಾಯಿ ಚೀಲಗಳನ್ನು ಒಟ್ಟು 30 ತಂದಿದ್ದಾರೆ. ಡಬ್ಬಿಯ ಚೀಲ 25 ಕೆಜಿ, ಕಡ್ಡಿಯ ಚೀಲ 40 ಕೆಜಿ, ಒಟ್ಟು ತೂಕ 960 ಕೆಜಿ ಎಂದುಕೊಳ್ಳೋಣ. ಮೊದಲು ‘ಡಬ್ಬಿಯ ಚೀಲಗಳ ಸಂಖ್ಯೆ ಯಾ ಆಗಿರಲಿ’ ಎಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಉಳಿದದ್ದೆಲ್ಲವನ್ನೂ ಯಾ ಮೂಲಕವೇ ಹೇಳಿ: ಕಡ್ಡಿಯ ಚೀಲಗಳು 30 − ಯಾ. ಆಗ

25ಯಾ + 40(30 − ಯಾ) = 960
1200 − 15ಯಾ = 960
15ಯಾ = 240
ಯಾ = 16

ಡಬ್ಬಿ 16, ಕಡ್ಡಿ 14. ತಾಳೆ: 400 + 560 = 960. ಪದವನ್ನು ಈ ಕಡೆಯಿಂದ ಆ ಕಡೆಗೆ ಒಯ್ದರೆ ಚಿಹ್ನೆ ಬದಲಾಗುತ್ತದೆ ಎಂಬ ಪಕ್ಷಾಂತರದ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ, ತಕ್ಕಡಿಯ ಎರಡೂ ಪರಡಿಗೆ ಒಂದೇ ತೂಕವನ್ನು ಹಾಕುತ್ತಿದ್ದೇವೆ ಅಥವಾ ತೆಗೆಯುತ್ತಿದ್ದೇವೆ ಎಂದು ನೆನಪಿಟ್ಟರೆ ಚಿಹ್ನೆ ತಪ್ಪುವುದಿಲ್ಲ.

ಏಳನೆಯ ಹೆಜ್ಜೆ: ಕುಟ್ಟಕ

ಪಠ್ಯದಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ, ಆದರೂ ಈ ಲೇಖನ ಬರೆಯಬೇಕೆನಿಸಿದ್ದೇ ಇದಕ್ಕಾಗಿ. ಒಂದು ಖಾನಾವಳಿಯಲ್ಲಿ ರೊಟ್ಟಿಗೆ 15 ರೂಪಾಯಿ, ಹೋಳಿಗೆಗೆ 21 ರೂಪಾಯಿ ಎಂದು ಊಹಿಸಿಕೊಳ್ಳಿ. ಚಿಲ್ಲರೆ ಉಳಿಯದಂತೆ ಸರಿಯಾಗಿ 100 ರೂಪಾಯಿಯ ರೊಟ್ಟಿ, ಹೋಳಿಗೆ ಕೊಳ್ಳಬಹುದೇ? 15ಯಾ + 21ಕಾ = 100. ಎಡಭಾಗವನ್ನು ಯಾವಾಗಲೂ 3 ಭಾಗಿಸುತ್ತದೆ, 100ನ್ನು ಭಾಗಿಸುವುದಿಲ್ಲ. ಆದ್ದರಿಂದ ಎಷ್ಟು ಪ್ರಯತ್ನಿಸಿದರೂ ಸಾಧ್ಯವಿಲ್ಲ. ಸಹಗುಣಕಗಳ ಮ.ಸಾ.ಅ. ಬಲಭಾಗವನ್ನು ಭಾಗಿಸದಿದ್ದರೆ ಪೂರ್ಣಾಂಕ ಪರಿಹಾರವಿಲ್ಲ. ಮೂರನೆಯ ಹೆಜ್ಜೆಯ ಮ.ಸಾ.ಅ. ಇಲ್ಲಿ ತೀರ್ಪು ಕೊಡುತ್ತದೆ.

300 ರೂಪಾಯಿಗಾದರೆ? 15ಯಾ + 21ಕಾ = 300ನ್ನು 3ರಿಂದ ಭಾಗಿಸಿ 5ಯಾ + 7ಕಾ = 100 ಎಂದು ಬರೆಯೋಣ. ಸಮೀಕರಣ ಒಂದು, ಅವ್ಯಕ್ತಗಳು ಎರಡು. ಆದರೂ ನಿಲ್ಲಬೇಕಾಗಿಲ್ಲ. ಚಿಕ್ಕ ಸಹಗುಣಕವಾದ 5ರಿಂದ ದೊಡ್ಡದನ್ನು ಭಾಗಿಸಿ ಶೇಷ ಉಳಿಸಿಕೊಳ್ಳಿ: 7ಕಾ = 5ಕಾ + 2ಕಾ. 5ಯಾ, 5ಕಾ, 100 ಮೂರನ್ನೂ 5 ಭಾಗಿಸುವುದರಿಂದ 2ಕಾ ಎಂಬುದನ್ನೂ 5 ಭಾಗಿಸಲೇಬೇಕು. 2ಕ್ಕೂ 5ಕ್ಕೂ 1ನ್ನು ಬಿಟ್ಟು ಸಾಮಾನ್ಯ ಅಪವರ್ತನವಿಲ್ಲ, ಹಾಗಾಗಿ ಕಾ ಎಂಬುದೇ 5ರ ಅಪವರ್ತ್ಯ. ಕಾ = 0 ಆದರೆ ಯಾ = 20, ಕಾ = 5 ಆದರೆ ಯಾ = 13, ಕಾ = 10 ಆದರೆ ಯಾ = 6. ಕಾ = 15 ಎಂದರೆ ಮೊತ್ತ 100ನ್ನು ಮೀರುತ್ತದೆ. ಒಟ್ಟು ಮೂರೇ ದಾರಿಗಳು. ಏಳು ರೊಟ್ಟಿ ಬಿಟ್ಟರೆ ಐದು ಹೋಳಿಗೆ ಬರುತ್ತದೆ ಎಂಬ ವಿನಿಮಯ ಅವುಗಳಲ್ಲಿ ಕಾಣುತ್ತದೆ.

7 ಎಂಬ ಸಹಗುಣಕವನ್ನು 2 ಎಂಬ ಪುಡಿಗೆ ಇಳಿಸಿದ್ದೇ ಇಲ್ಲಿನ ತಂತ್ರ. ಸಹಗುಣಕಗಳು ದೊಡ್ಡವಾಗಿದ್ದರೆ ಯೂಕ್ಲಿಡನ ಭಾಗಾಕಾರದಂತೆ ಮತ್ತೆ ಮತ್ತೆ ಕುಟ್ಟಬೇಕು. ಆರ್ಯಭಟ 499ರಲ್ಲಿ ಕೊಟ್ಟ ಈ ವಿಧಾನಕ್ಕೆ ಕುಟ್ಟಕ ಎಂಬ ಹೆಸರು ಬಂದದ್ದು ಅದಕ್ಕಾಗಿಯೇ, ಒರಳಲ್ಲಿ ಕುಟ್ಟುವುದನ್ನು ಬಲ್ಲ ಕನ್ನಡಿಗರಿಗೆ ಅದನ್ನು ವಿವರಿಸಬೇಕಾಗಿಲ್ಲ. 628ರಲ್ಲಿ ಬರೆದ ಬ್ರಹ್ಮಗುಪ್ತನಂತೂ ಬೀಜಗಣಿತವನ್ನೇ ಕುಟ್ಟಕಗಣಿತ ಎಂದು ಕರೆದ. ಶೇಷದ ಲೆಕ್ಕ, ಅಕ್ಷರದ ಲೆಕ್ಕ ಎಂಬ ಭೇದ ಆತನಿಗೆ ಇರಲಿಲ್ಲ.

ಎಂಟನೆಯ ಹೆಜ್ಜೆ: √5ರ ಪ್ರಶ್ನೆ

√5 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸುವ ಪ್ರಶ್ನೆ ಹತ್ತನೆಯ ತರಗತಿಯವರಿಗೆ ಚಿರಪರಿಚಿತ. ಎರಡನೆಯ ಹೆಜ್ಜೆಯನ್ನು ಅರಗಿಸಿಕೊಂಡವರಿಗೆ ಅದು ನಾಲ್ಕು ವಾಕ್ಯದ ಕೆಲಸ. √5 = ಅ/ಬ ಎಂದಿದ್ದರೆ ಅ² = 5ಬ². ಯಾವುದೇ ಸಂಖ್ಯೆಯ ವರ್ಗವನ್ನು ಒಡೆದಾಗ ಪ್ರತಿಯೊಂದು ಅವಿಭಾಜ್ಯವೂ ಸಮ ಸಲ ಬರುತ್ತದೆ, ಆದ್ದರಿಂದ ಎಡಭಾಗದಲ್ಲಿ 5 ಸಮ ಸಲ ಬರಬೇಕು. ಬಲಭಾಗದಲ್ಲಿ ಬ²ದೊಳಗಿನ ಸಮ ಸಂಖ್ಯೆಯ 5ಗಳ ಜೊತೆ ಇನ್ನೊಂದು 5 ಸೇರಿ ಬೆಸ ಸಲ ಬರುತ್ತದೆ. ಒಂದೇ ಸಂಖ್ಯೆ ಎರಡು ಬಗೆಯಲ್ಲಿ ಒಡೆಯುವುದು ಸಾಧ್ಯವಿಲ್ಲದ್ದರಿಂದ ಅಂಥ ಅ, ಬ ಇಲ್ಲ. ಪರೀಕ್ಷೆಯಲ್ಲಿ ನಿಮ್ಮ ಪಠ್ಯದ ಕ್ರಮದಲ್ಲಿಯೇ ಬರೆಯಿರಿ, ಆದರೆ ಅರ್ಥ ಮಾಡಿಕೊಳ್ಳಲು ಇದನ್ನು ಇಟ್ಟುಕೊಳ್ಳಿ.

ಅಭ್ಯಾಸಕ್ಕೆ

ದಿನಕ್ಕೆ ಇಪ್ಪತ್ತು ಲೆಕ್ಕ ಮಾಡುವುದಕ್ಕಿಂತ ಒಂದು ಲೆಕ್ಕವನ್ನು ಎರಡು ದಾರಿಯಿಂದ ಮಾಡುವುದು ಹೆಚ್ಚು ಕಲಿಸುತ್ತದೆ. ಮನೆಯ ಬೈಕಿನ ನಾಲ್ಕಂಕಿಯ ನಂಬರನ್ನು ಅವಿಭಾಜ್ಯಗಳಾಗಿ ಒಡೆಯಿರಿ. ಅನುಕ್ರಮವಾದ ಮೂರು ಸಂಖ್ಯೆಗಳ ಗುಣಲಬ್ಧವನ್ನು 6 ಯಾಕೆ ಭಾಗಿಸುತ್ತದೆ ಎಂಬುದನ್ನು ಮೊದಲು ಉದಾಹರಣೆಯಲ್ಲಿ ನೋಡಿ, ಆಮೇಲೆ ಅಕ್ಷರದಲ್ಲಿ ಸಾಧಿಸಿ. 11ರ ನಿಯಮಕ್ಕೆ ನಾನು ಕಾರಣ ಕೊಟ್ಟಿಲ್ಲ. 10 = 11 − 1, 100 = 99 + 1, 1000 = 1001 − 1 ಎಂಬುದರಿಂದ ಅದನ್ನು ನೀವೇ ಕಟ್ಟಬಹುದು. ಕೊನೆಯದಾಗಿ, ಏಕೀಕರಣದ ನೂರನೆಯ ವರ್ಷವಾದ 2056ರ ನವೆಂಬರ್ 1 ಯಾವ ವಾರ ಬರುತ್ತದೆ ಎಂದು ಶೇಷಗಳಿಂದಲೇ ಕಂಡುಹಿಡಿಯಿರಿ. ನಿಮ್ಮ ಉತ್ತರ ಬುಧವಾರ ಬರದಿದ್ದರೆ ಅಧಿಕ ವರ್ಷಗಳನ್ನು ಇನ್ನೊಮ್ಮೆ ಎಣಿಸಿ ನೋಡಿ, 2000 ಮತ್ತು 2056 ಎರಡೂ ಎಣಿಕೆಗೆ ಸೇರುತ್ತವೆ.